ಹಳದಿ ಚೀಟಿಯ ಪೆಟ್ಟಿಗೆ ನನ್ನ ಮನೆ ಸೇರಿದ ಬಗ್ಗೆ

ಹೆಸರು: ಮಾ ಸುನ್‌ದೊಕ್. ವಯಸ್ಸು: 78. ಉದ್ಯೋಗ: ರಸ್ತೆ ಬದಿ ಬೇಯಿಸಿದ ಮುಸುಕಿನ ಜೋಳ ಮಾರುವುದು. ವಿದ್ಯೆ: ಮೂರನೇ ತರಗತಿ. ವಿಳಾಸ: ಮನೆ ನಂ. 17, ಮುಲ್‌ಗೊಲ್ ಹಳ್ಳಿ, ಗಾಂಗ್ವೊನ್ ಪ್ರಾಂತ್ಯ, ದಕ್ಷಿಣ ಕೊರಿಯಾ.

ಈ ಮೂಲಕ ತಿಳಿಸುವುದೇನೆಂದರೆ, ವ್ಯಾನ್ ಚಾಲಕ ಪ್ಯೊ ಗಿಲ್‌ಸು (41) ವಿಕಿರಣ ಔಷಧದ ಪೆಟ್ಟಿಗೆಯನ್ನು ಯಾರಿಗೂ ಎಚ್ಚರಿಕೆ ಕೊಡದೆ ರಸ್ತೆಯಲ್ಲಿ ಬಿಟ್ಟನೆಂದು ಅವನ ಕಂಪನಿ ದೂರು ಕೊಟ್ಟಿದೆಯಂತೆ. ಲೈಸೆನ್ಸ್ ಹೋಗಬಹುದಂತೆ. ತಲೆಗೆ ಪೆಟ್ಟಾದ ಅವನಿಗೆ ಏನೂ ನೆನಪಿಲ್ಲವಂತೆ. ನನಗೆ ನೆನಪಿದೆ.

ದಿನಾಂಕ 10-09-2019ರಂದು, ಚುಸೊಕ್ ಹಬ್ಬಕ್ಕೆ ಮೂರು ದಿನ ಮುಂಚೆ, ಬೆಳಿಗ್ಗೆ 9.40ಕ್ಕೆ ನಾನು ರಸ್ತೆ ಬದಿ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ತಿರುವಿನಲ್ಲಿ ಲಾರಿಯೊಂದು ವ್ಯಾನಿಗೆ ಹಿಂದಿನಿಂದ ಗುದ್ದಿತು. ವ್ಯಾನಿನ ಹಿಂಬಾಗಿಲು ಕಿತ್ತುಹೋಗಿ, ಒಂದು ಪೆಟ್ಟಿಗೆ ಎಂಟು ಹೆಜ್ಜೆ ದೂರ ಉರುಳಿ ನನ್ನ ಚಾಪೆಯ ಮೇಲೆ ಬಂದು ನಿಂತಿತು. ವ್ಯಾನ್ ಚಾಲಕ ಇಳಿದ. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಮೊದಲೇ, ಅಜ್ಜೀ ಆ ಪೆಟ್ಟಿಗೆ ಮುಟ್ಬೇಡಿ, ದೂರ ಇರಿ, ಯಾರನ್ನೂ ಹತ್ರ ಬಿಡ್ಬೇಡಿ ಅಂತ ಎರಡು ಸಲ ಹೇಳಿದ. ಹೇಳಿ ಕುಸಿದುಬಿದ್ದ. 9.55ಕ್ಕೆ ಆಂಬುಲೆನ್ಸ್ ಅವನನ್ನು ಒಯ್ದಿತು.

ನನಗೆ ಸಿಟ್ಟು ಬಂದಿತ್ತು. ನನ್ನನ್ನು ಕಳ್ಳಿ ಅಂದುಕೊಂಡನಲ್ಲ ಎಂದು. ಹಬ್ಬದ ಹೊತ್ತಿಗೆ ಮನೆಮನೆಗೆ ಉಡುಗೊರೆ ಪೆಟ್ಟಿಗೆಗಳು ಬರುತ್ತವೆ. ಇದರ ಹಳದಿ ಚೀಟಿಯ ಮೇಲೆ ಮೂರು ದಳದ ಗುರುತಿತ್ತು. ನಮ್ಮ ಬೀಸಣಿಗೆಗಳ ಮೇಲಿನ ಮೂರು ಸುಳಿಯ ಮಂಗಳದ ಗುರುತೇ ಇರಬೇಕೆಂದುಕೊಂಡೆ. ಕನ್ನಡಕ ಒಳಗಿತ್ತು. ಯಾರದೋ ಉಡುಗೊರೆ ದೂಳಲ್ಲಿ ಬಿದ್ದಿರಬಾರದೆಂದು ಕೆಂಪು ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ, ಎದೆಗವಚಿಕೊಂಡು ಮನೆಗೆ ತಂದು ಗಂಡನ ಫೋಟೋ ಮುಂದೆ ಇಟ್ಟೆ. ಚಿಕ್ಕ ಪೆಟ್ಟಿಗೆ, ಹತ್ತು ಕಿಲೋ ಭಾರ. ಎತ್ತಿ ಇಡುವವರೆಗೆ ನಾಲ್ಕು ನಿಮಿಷ ಆಗಿರಬಹುದು.

10.20ಕ್ಕೆ ಪಕ್ಕದ ಮನೆಯ ಪಾಂಗ್ ಮಲ್‌ಜಾ ಬಂದು, ಮಾಂಸ ಇದ್ರೆ ಕೆಟ್ಟೋಗುತ್ತೆ ಅಕ್ಕಾ, ಒಂಚೂರು ಬಿಚ್ಚೋಣ ಅಂದಳು. ನಿನ್ನ ಮೂಗು ಅಲ್ಲೇ ಇಟ್ಕೊ, ಸಾಕು ಅಂದೆ. ಗಂಟು ಬಿಚ್ಚಲಿಲ್ಲ.

11.05ಕ್ಕೆ ಒಬ್ಬ ಹೆಣ್ಣುಮಗಳು ಕೈಯಲ್ಲಿ ಟಿಕ್ ಟಿಕ್ ಎನ್ನುವ ಯಂತ್ರ ಹಿಡಿದು ಬಾಗಿಲಿಗೆ ಬಂದಳು. ಹೆಸರು ಓಕ್ ಹ್ಯೆರಾನ್. ಔಷಧ ತಯಾರಿಸುವಲ್ಲಿ ಆ ಪೆಟ್ಟಿಗೆ ಕಟ್ಟಿ ಚೀಟಿ ಅಂಟಿಸಿದವಳು ಅವಳೇ; ಅಪಘಾತದ ಸುದ್ದಿ ಕೇಳಿ ಹುಡುಕಿಕೊಂಡು ಬಂದಿದ್ದಳು. ಗಂಟು ನೋಡಿ ಅವಳ ಮುಖ ಬಿಳಿಚಿತು. ಅಜ್ಜಿ, ಬಿಚ್ಚಿದ್ರಾ ಅಂತ ಕೇಳಿದಳು. ಬೇರೆಯವರ ಗಂಟು ಬಿಚ್ಚೋ ಮುಖನಾ ಇದು ಅಂತ ನಾನು ಕೇಳಿದೆ. ಅವಳು ಗಂಟು ಬಿಚ್ಚಿ ಪೆಟ್ಟಿಗೆಯ ಮೂಲೆ ಮೂಲೆ ಸವರಿ ನೋಡಿದಳು. ಒಂದು ಮೂಲೆ ಜಜ್ಜಿಹೋಗಿತ್ತು. ಮುದ್ರೆ ಹಾಗೇ ಇತ್ತು. ಒಳಗೆ ಸ್ಪಂಜು, ಅದರೊಳಗೆ ಡಬ್ಬಿ, ಅದರೊಳಗೆ ಸೀಸದ ಕುಡಿಕೆ, ಅದರೊಳಗೆ ಒಂದೇ ಒಂದು ಮಾತ್ರೆ ಅಂದಳು. ಚೀಟಿಯ ಮೇಲೆ ಬರೆದಿದ್ದ 0.3 ಎಂಬ ಅಂಕಿ, ಒಂದು ಮೀಟರ್ ದೂರ ನಿಂತವರಿಗೆ ತಾಗುವ ವಿಕಿರಣದ ಲೆಕ್ಕವಂತೆ. ನನ್ನ ಮೈಯೆಲ್ಲ ಯಂತ್ರ ಆಡಿಸಿ, ಏನೂ ಅಂಟಿಲ್ಲ ಅಜ್ಜಿ, ನಾಲ್ಕು ನಿಮಿಷಕ್ಕೆ ತಾಗಿದ್ದೂ ಲೆಕ್ಕಕ್ಕಿಲ್ಲ ಅಂದಳು. ಆಮೇಲೆ ಹೊಸ್ತಿಲ ಮೇಲೆ ಕುಳಿತು ಅತ್ತಳು. ನಾನು ಜೋಳ ಕೊಟ್ಟೆ.

ಮಾತ್ರೆ ಗಂಟಲಿನ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಇರುವ ಹೆಂಗಸಿಗಂತೆ. ಅದು ಕೆಲಸ ಮಾಡಲೆಂದು ಆಕೆ ಎರಡು ವಾರ ಅಯೋಡಿನ್ ಇರುವ ಕಡಲಪಾಚಿ, ಉಪ್ಪಿನಲ್ಲಿ ಹಾಕಿದ ಕೋಸಿನ ಕಿಮ್ಚಿ ಎಲ್ಲ ಬಿಟ್ಟು ಕಾದಿದ್ದಳಂತೆ. ಪೆಟ್ಟಿಗೆ 1.25ಕ್ಕೆ ಆಸ್ಪತ್ರೆ ಸೇರಿತು, ಎರಡು ಗಂಟೆಗೆ ಆಕೆ ನುಂಗಿದಳು ಎಂದು ಹ್ಯೆರಾನ್ ಫೋನ್ ಮಾಡಿ ತಿಳಿಸಿದಳು. ಲಾರಿ ಗುದ್ದಿದರೂ, ಈ ಮುದುಕಿ ಮೊಮ್ಮಗುವಿನಂತೆ ಅವಚಿಕೊಂಡರೂ ಏನೂ ಆಗದಂತೆ ಕಟ್ಟಿದ ಆ ಮಗಳ ಕೈಗಳಿಗೆ ನಾನು ಋಣಿ. ಕಣ್ಣಲ್ಲಿ ರಕ್ತ ಇಟ್ಟುಕೊಂಡು ನನ್ನ ಚಿಂತೆ ಮಾಡಿದ ಚಾಲಕನಿಗೂ ಋಣಿ.

ಇದನ್ನ ಬರೆದ್ರೆ ತಪ್ಪು ನಿಮ್ಮ ಮೇಲೆ ಬರುತ್ತೆ ಅಜ್ಜಿ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಬರ್ಲಿ, ನಿನ್ನ ಪೆನ್ನಿಗೇನು ನೋವು, ಬರಿ ಅಂದೆ. ಅವನು ಎರಡು ಸಲ ಹೇಳಿದ್ದ. ಕೇಳದವಳು ನಾನು.

ಬರೆದದ್ದನ್ನು ನನಗೆ ಓದಿ ಹೇಳಿದರು. ಎಲ್ಲ ನಡೆದಂತೆಯೇ ಇದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಮುಲ್‌ಗೊಲ್ ಪೊಲೀಸ್ ಹೊರಠಾಣೆ
ದಿನಾಂಕ: 11-09-2019
(ಸಹಿ) ಮಾ ಸುನ್‌ದೊಕ್