ಹೊಡೆದುಹಾಕಿದ ಸಾಲು

ಕೇಶ್ವಾಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಮೆಕ್ಯಾನಿಕ್ ಬಾಬುಸಾಬನ ಕಿವಿ, ಪಕ್ಕದ ಬೆಂಚಿನ ಮಾತಿನತ್ತ ತಾನಾಗಿಯೇ ವಾಲಿತು. ಕಾಲೇಜು ಹುಡುಗಿ ಅಲ್ಫಿಯಾ, ತಾನೇ ಬರೆದು, ಜೆರಾಕ್ಸ್ ಮಾಡಿಸಿ ಓಣಿಗಳಲ್ಲಿ ಹಂಚುವ ಪತ್ರಿಕೆಯ ಹೊಸ ಬರಹವನ್ನು ಓದುತ್ತಿದ್ದಳು. ಕೇಳುತ್ತಿದ್ದವಳು, ಆ ಬರಹದಲ್ಲೇ ಇದ್ದ ತಾರಿಹಾಳದ ಕಾರ್ಖಾನೆಯ ಕೆಲಸಗಾರ್ತಿ ಶಿವಲಿಂಗವ್ವ.

“‘ಹನ್ನೆರಡು ಹೆಂಗಸರು ದುಡಿಯುವ ಆ ಶೆಡ್ಡಿನಲ್ಲಿ ಒಂದು ಶೌಚಾಲಯವೂ ಇಲ್ಲ. ಇದನ್ನು ಹೇಳುವಾಗ ಶಿವಲಿಂಗವ್ವನ ಕಣ್ಣು ತುಂಬಿ ಬಂತು.’ ನಿಮ್ಮ ಹೆಸರ ಬದಲ ಮಾಡ್ಲೇನ್ರಿ ಕಾಕೂ? ಮಾಲಕ ಓದಿದ್ರ ಕೆಲಸ ಹೋದೀತು.”

“ಹೆಸರ ಇರ್ಲಿ. ಕಣ್ಣೀರ ತಗಿ.”

“ಯಾಕ್ರಿ?”

“ಅತ್ತೇನಿ ಅಂತ ತಿಳದ್ರ ಅಂವಾ ನಾಕ ಸಮಾಧಾನದ ಮಾತ ಹೇಳಿ ಕಳಸ್ತಾನ. ನಮಗ ಬೇಕಾಗಿದ್ದು ಸಮಾಧಾನ ಅಲ್ಲ, ಪಾಯಖಾನಿ. ಅದಕ್ಕ ಬಾಗಲಾ, ಬಾಗಲಕ್ಕ ಚಿಲಕ. ಅದನ್ನ ಬರಿ.”

“ಓದಾವರ ಮನಸ್ಸ ಕರಗ್ಲಿ ಅಂತ ಬರದೇನ್ರಿ. ಮತ್ತ ಅವತ್ತ ನಿಮ್ಮ ಕಣ್ಣ ಖರೇನ ತುಂಬಿದ್ವಲ್ರಿ?”

“ತುಂಬಿದ್ದು ನಿನ್ನ ಕಣ್ಣ, ತಂಗಿ. ನಾ ಬರೇ ಸೆರಗ ಕೊಟ್ಟೆ.”

ಅಲ್ಫಿಯಾ ಪೆನ್ನು ತೆಗೆದು ಆ ಸಾಲನ್ನು ಉದ್ದಕ್ಕೂ ಹೊಡೆದುಹಾಕಿದಳು. ಬಾಬುಸಾಬ ನಗು ಬಚ್ಚಿಡಲು ರಸ್ತೆಯ ಕಡೆಗೆ ತಿರುಗಿದ. ಅಷ್ಟರಲ್ಲಿ ತಾರಿಹಾಳದ ಬಸ್ಸು ಬಂದು ನಿಂತಿತು.

“ನಾಳಿಗಿ ಹದಿಮೂರ ಪ್ರತಿ ತಾ,” ಎಂದಳು ಶಿವಲಿಂಗವ್ವ, ಮೆಟ್ಟಿಲು ಹತ್ತುತ್ತ. “ಹನ್ನೆರಡ ನಮಗ, ಒಂದ ಮಾಲಕಗ. ಮತ್ತ ನಿನಗೊಂದ ಕರವಸ್ತ್ರ ಇಟ್ಕೋ. ನನ್ನ ಸೆರಗ ಇನ್ನೂ ಒಣಗಿಲ್ಲ.”