ಅಜ್ಜಿಯ ದೇವರು, ಶಿವರಾಜುವಿನ ಅಪೀಲು

"ಹಲೋ... ಯಾರು? ಯಾರ್ ಮಾತಾಡ್ತಿರೋದು?"

ನಾಗಲಕ್ಷ್ಮಿ ಬಾಗೂರಿನ ತನ್ನ ಮನೆಯ ಅಡುಗೆಕೋಣೆಯಲ್ಲಿ ನಿಂತಿದ್ದಳು. ಫೋನು ಗಂಟೆ ಬಾರಿಸದೆ ಬರೀ ನಡುಗುವಂತೆ ಇಟ್ಟುಕೊಂಡು ಬಹಳ ದಿನವಾಗಿತ್ತು; ಸದ್ದಾದರೆ ಗಂಡ ಬೆಚ್ಚಿಬೀಳುತ್ತಿದ್ದ. ಗುರುತಿಲ್ಲದ ನಂಬರು.

"... ಹಾಂ, ಶಿವರಾಜು ಅವ್ರ ಮನೇನೇ. ಮಿಲ್ಟ್ರಿ ಶಿವರಾಜು. ನಾನು ಅವ್ರ ಹೆಂಡ್ತಿ. ನೀವ್ಯಾರು ಅಂದ್ರೆ?"

"... ಹಾಸನದಿಂದಾನಾ? ಲಾಯರ್ ಶಾಂತರಾಜು ಅವ್ರ ಆಫೀಸಿಂದ? ಹೆಸ್ರು? ... ಪ್ರೇಕ್ಷಾ. ನೋಡಿ ಮೇಡಂ, ತಪ್ಪು ತಿಳ್ಕಬೇಡಿ. ಓದ್ ತಿಂಗ್ಳು ಒಬ್ಬ ಇಂಗೇ ಫೋನ್ ಮಾಡಿ, ಯಜಮಾನ್ರು ಆರಾಮಾ, ತ್ವಾಟದ ಕೆಲ್ಸ ಎಲ್ಲಾ ಮಾಡ್ತಾರಾ ಅಂತ ಬೆಣ್ಣೇಲಿ ಕೂದ್ಲು ತೆಗ್ದಂಗೆ ಕೇಳ್ದ. ಯಾರ ಕಡೆಯೋನೋ ಏನೋ. ಅವತ್ತಿಂದ ನಾನು ಯಾರ್ನೂ ನಂಬಲ್ಲ."

"... ಆಯ್ತು, ಆಫೀಸೋರೇ ಆದ್ರೆ ಒಂದ್ ಮಾತು ಹೇಳಿ. ನಾವು ಬಂದಿದ್ ದಿನ ಇವ್ರು ಎಲ್ಲಿ ಕೂತಿದ್ರು?"

ನಾಗಲಕ್ಷ್ಮಿಯ ಹೆಬ್ಬೆರಳು ಕೆಂಪು ಗುಂಡಿಯ ಹತ್ತಿರ ಸರಿಯಿತು.

"... ಹಾಂ. ಮೆಟ್ಲ ಮೇಲೆ. ನಿಮ್ ಬಾಗ್ಲು ತಾನೇ ತಾನಾಗಿ ಮುಚ್ಕತಿತ್ತಲ್ಲ, ಇವ್ರು ಒಳಗೇ ಬರ್ಲಿಲ್ಲ. ... ಓ, ಅಲ್ಲಿಗೇ ಟೀ ತಂದ್ಕೊಟ್ಟೋರು ನೀವೇನಾ? ಗೊತ್ತಾಯ್ತು ಬಿಡಿ. ಹೇಳಿ."

ಹಿಮದ ಬೆಟ್ಟದ ಕಾವಲು ಪೋಸ್ಟಿನಲ್ಲಿ ಹಿಮ ಕುಸಿದು ಹೂತುಹೋದ ಜೊತೆಗಾರರನ್ನು ಅಗೆದು ತೆಗೆದ ಮೇಲೆ ಶಿವರಾಜು ಮೊದಲಿನಂತೆ ಇರಲಿಲ್ಲ. ಮನಸ್ಸಿನ ಕಾಯಿಲೆ ಇರುವುದು ನಿಜ, ಆದರೆ ಅದು ಸೇವೆಯಿಂದ ಬಂದದ್ದಲ್ಲ ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿ, ಅಂಗವೈಕಲ್ಯ ಪಿಂಚಣಿ ಇಲ್ಲವೆಂದು ಮನೆಗೆ ಕಳಿಸಿತ್ತು. ಮೊದಲ ಅಪೀಲೂ ಬಿದ್ದುಹೋಗಿತ್ತು. ಉಳಿದದ್ದು ಬೆಂಗಳೂರಿನಲ್ಲಿ ಸೈನಿಕರ ಕೇಸು ಕೇಳುವ ಟ್ರಿಬ್ಯೂನಲ್ ಒಂದೇ.

"... ಯಾರಿಗೆ? ಅಜ್ಜಿಗಾ? ಲಕ್ಕಮ್ಮ, ಇವ್ರಪ್ಪನ ತಾಯಿ. ಇಲ್ಲೇ ಕೂತು ಅವರೇಕಾಯಿ ಬಿಡಿಸ್ತಾವ್ರೆ. ಯಾಕೆ? ಅಜ್ಜಿಗೂ ಇದ್ಕೂ ಏನ್ ಸಂಬಂಧ?"

"... ಹುಚ್ಚಾ? ಯಾರಿಗ್ರೀ ಹುಚ್ಚು? ... ನೀವು ಹೇಳ್ತಿಲ್ಲ, ಸರಿ, ಮಿಲ್ಟ್ರಿ ಫೈಲಲ್ಲಿ ಅದೆ ಅಂತೀರಿ. ಬರ್ದೋನು ನಮ್ಮಜ್ಜಿ ಮುಖ ನೋಡಿದ್ನಾ? ಇವತ್ತಿಗೂ ಸೂಜಿಗೆ ದಾರ ಪೋಣಿಸ್ತಾರೆ. ನನ್ ಸಾರಿಗೆ ಉಪ್ಪು ಜಾಸ್ತಿ ಅಂತ ಮೂಸಿ ನೋಡೇ ಹೇಳ್ತಾರೆ. ಹುಚ್ಚಂತೆ!"

ಮೊರದ ಮುಂದೆ ಕೂತಿದ್ದ ಅಜ್ಜಿ ತಲೆಯೆತ್ತಿದಳು. ನಾಗಲಕ್ಷ್ಮಿ ದನಿ ತಗ್ಗಿಸಿದಳು.

"... ಅಂದ್ರೆ ವಂಶದಲ್ಲೇ ಅದೆ, ಅದ್ಕೇ ಮಿಲ್ಟ್ರಿ ಹೊಣೆ ಅಲ್ಲ ಅಂತಾನಾ? ... ಯಾರ್ ಹೇಳಿದ್ದಂತೆ ಅವ್ರಿಗೆ? ... ಇವ್ರೇನಾ? ಇವ್ರ ಬಾಯಿಂದ್ಲೇನಾ?"

ಕಿಟಕಿಯಾಚೆ ಹಿತ್ತಲಲ್ಲಿ ಶಿವರಾಜು ಗುಂಡಿ ತೋಡುತ್ತಿದ್ದ. ತೋಡುತ್ತಾನೆ, ಬಗ್ಗಿ ಮಣ್ಣೊಳಗೆ ಕೈಯಾಡಿಸಿ ಹುಡುಕುತ್ತಾನೆ, ಏನೂ ಸಿಗದೆ ಮುಚ್ಚುತ್ತಾನೆ. ತೆಂಗಿನ ಸಸಿಗೆ ಎಂದು ಊರವರು ನಂಬಿದ್ದರು. ಹಾಗೆಂದು ನಂಬಿಸಿದವಳೂ ನಾಗಲಕ್ಷ್ಮಿಯೇ.

"... ಅಯ್ಯೋ ನಮ್ಮಪ್ಪನೇ. ಗೊತ್ತಾಯ್ತು, ಗೊತ್ತಾಯ್ತು. ನಿಮ್ಮನೇಲಿ ಯಾರಾದ್ರೂ ಮೈಮರ್ತು ಏನೇನೋ ಮಾತಾಡೋರು ಅವ್ರಾ ಅಂತ ಡಾಕ್ಟ್ರು ಕೇಳಿರ್ತಾರೆ. ಇವ್ರು ಎದೆ ಉಬ್ಬಿಸ್ಕಂಡು, ನಮ್ಮಜ್ಜಿ ಮೈಮೇಲೆ ಅಮ್ಮ ಬತ್ತಾಳೆ ಅಂದಿರ್ತಾರೆ. ... ನಗ್ಬೇಡಿ ಮೇಡಂ. ನಮ್ ಕಡೆ ಅದು ಮರ್ವಾದೆ ಕಣಮ್ಮ. ಮಾರಮ್ಮನ ಹಬ್ಬದಲ್ಲಿ ಅಜ್ಜಿ ಮುಂದೆ ಪಂಚಾಯ್ತಿ ಅಧ್ಯಕ್ಷನೂ ಕೈಕಟ್ಕಂಡು ನಿಂತ್ಕತಾನೆ."

"... ಏನು? ಹಾಸನಕ್ಕೆ ಕರ್ಕಂಡ್ ಬರ್ಬೇಕಾ? ಮನಸ್ಸಿನ ಡಾಕ್ಟ್ರ ಹತ್ರ? ಅಜ್ಜೀನಾ? ... ಈಗ ಗೊತ್ತಾಯ್ತು ನಿಮ್ ಆಟ. ಅಲ್ಲೊಬ್ಬ ಬರ್ದ, ಇಲ್ಲಿನ್ನೊಬ್ಬ ಹೌದು ಅಂತ ಸೀಲ್ ಒತ್ಬುಟ್ರೆ ಕೇಸೇ ಮುಗೀತಲ್ಲ! ನೀವು ನಮ್ ಕಡೆನೋ ಆ ಕಡೆನೋ?"

"... ಕಾಯ್ಲೆ ಇಲ್ಲ ಅಂತ ಬರ್ಸೋಕಾ? ಡಾಕ್ಟ್ರು ಅಂಗೇ ಬರೀತಾರೆ ಅಂತ ನೀವು ಜವಾಬ್ದಾರೀನಾ? ... ನೋಡಿ, ನಿಮ್ಗೂ ಗೊತ್ತಿಲ್ಲ. ಅಲ್ವಾ?"

"... ಇಲ್ಲಪ್ಪ, ಅಮ್ಮ ದಿನಾ ಎಲ್ಲಿ ಬತ್ತಾಳೆ? ವರ್ಷಕ್ಕೊಂದ್ಸಲ, ತಮಟೆ ಬಡ್ದು ಕರದ್ರೆ. ನಾಕ್ ಮಾತು ಹೇಳಿ, ನಿಂಬೆಹಣ್ಣು ಕೊಟ್ರೆ ಒಂಟೋಯ್ತಾಳೆ. ಆಮೇಲೆ ಅಜ್ಜಿ ಸೀರೆ ಕೊಡ್ವಿಕಂಡು ಎಮ್ಮೆ ಕರಿಯೋಕೆ ಓಯ್ತಾರೆ. ... ಇವ್ರದಾ? ಇವ್ರದು ಅಂಗಲ್ಲ ಕಣಮ್ಮ."

ಅವಳು ಮತ್ತೊಮ್ಮೆ ಕಿಟಕಿಯ ಕಡೆ ನೋಡಿದಳು.

"ಅಜ್ಜಿಗೆ ಬರೋದು ಕರದ್ರೆ ಬತ್ತದೆ, ಓಗು ಅಂದ್ರೆ ಓಯ್ತದೆ. ಇವ್ರಿಗೆ ಬಂದಿರೋದ್ನ ಯಾರೂ ಕರೀಲಿಲ್ಲ. ಓಗು ಅಂದ್ರೂ ಓಯ್ತಿಲ್ಲ."

"... ಇನ್ನೊಂದ್ಸಲನಾ? ಯಾಕೆ? ... ಬರ್ಕತಾ ಇದೀರಾ?"

"ಒಂದ್ ನಿಮ್ಷ ಇರಿ, ಅಜ್ಜಿ ಎದ್ ಬಂದ್ರು... ಹೂಂ ಅಜ್ಜಿ, ಹಾಸನಕ್ಕೆ. ಡಾಕ್ಟ್ರು ನಿನ್ನ ಮಾತಾಡ್ಸಿ ನೋಡ್ತಾರಂತೆ. ನಿನ್ ಮೊಮ್ಮಗನ ಕೇಸಿಗೆ... ಹಾಂ? ... ಮೇಡಂ, ಬತ್ತಾರಂತೆ. ಡಾಕ್ಟ್ರ ಮುಂದೇನೇ ಅಮ್ಮ ಬಂದ್ಬುಟ್ರೆ ಏನವ್ವ ಮಾಡೋದು ಅಂತ ಕೇಳ್ತಾವ್ರೆ... ಅಲ್ಲಿ ತಮಟೆ ಇರಲ್ಲ ಬಿಡಜ್ಜಿ... ಏನಂದೆ?"

ಅಜ್ಜಿ ಹೇಳಿದ್ದನ್ನು ಕೇಳಿ ನಾಗಲಕ್ಷ್ಮಿ ಫೋನನ್ನು ಎದೆಗೆ ಒತ್ತಿಕೊಂಡಳು.

"... ಇದೀನಿ, ಇದೀನಿ. ಮೊಮ್ಮಗನ ಕೇಸ್ ಮುಗಿಯೋಗಂಟ ಬರ್ಬೇಡ ತಾಯಿ ಅಂತ ಅಮ್ಮಂಗೆ ಹೇಳ್ಕತಾರಂತೆ. ಈ ಸಲದ ಹಬ್ಬಕ್ಕೂ ಬ್ಯಾಡ ಅಂತ. ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗಿಂದ ಒಂದ್ ವರ್ಷಾನೂ ತಪ್ಪಿಲ್ಲ ಮೇಡಂ ಅವ್ರಿಗೆ..."

"... ಮಂಗ್ಳವಾರನಾ? ಅಯ್ಯೋ ಬ್ಯಾಡ, ಅದು ಅಮ್ಮನ ವಾರ. ಬುಧವಾರ ಮಾಡಿ. ... ಬತ್ತೀವಿ. ಇವ್ರೂ ಬತ್ತಾರೆ, ಆಸ್ಪತ್ರೆ ಬಾಗ್ಲು ಮಾತ್ರ ತೆಗ್ದಿಡೋಕೆ ಹೇಳಿ."

"... ಫೋನ್ ಇಡ್ಬೇಡಿ, ಇಡ್ಬೇಡಿ! ನಾನೀಗ ಹೇಳಿದ್ನಲ್ಲ, ಅದ್ನ ಏನಂತ ಬರ್ಕಂಡ್ರಿ? ಒಂದ್ಸಲ ಓದಿ. ... ಅಲ್ಲಮ್ಮ, ನಿಮ್ ಮೇಲೆ ನಂಬ್ಕೆ ಇಲ್ಲ ಅಂತಲ್ಲ. ಅವತ್ತು ಮಿಲ್ಟ್ರಿ ಡಾಕ್ಟ್ರಿಗೆ ಇವ್ರೂ ನಿಜಾನೇ ಹೇಳಿದ್ದು, ಅಲ್ವಾ? ಬರ್ಕಂಡೋರು ಏನ್ ಬರ್ಕಂಡ್ರು? ... ಹಾಂ, ಓದಿ. ಅಜ್ಜೀನೂ ಕೇಳ್ತಾವ್ರೆ... 'ಅಜ್ಜಿಗೆ ಬರುವುದು'... ಹೂಂ... ಹೂಂ, ಸರಿ... ಇವ್ರದು? ಇವ್ರದು ಏನಂತ ಬರ್ದಿದೀರಿ? ... ಹಲೋ? ಮೇಡಂ, ಕೇಳಿಸ್ತಿಲ್ಲ, ಲೈನ್ ಕಟ್ಟಾಯ್ತಾ? ಇವ್ರಿಗೆ ಬಂದಿರೋದು... ಹಲೋ..."