ಕನಸಿನ ಗ್ಯಾರೇಜಿನ ಖಾಲಿ ಪುಟ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ನಮ್ಮ ಕಾರ್ಯದರ್ಶಿಗಳೇ, ಇಂದಿನ ಸನ್ಮಾನಿತರೂ ನನ್ನ ಹೆಂಡತಿಯ ಅಣ್ಣನೂ ಆದ ಭಾವನವರೇ, ಮತ್ತು ಸಭಿಕರೇ,

ನನಗೆ ಕೊಟ್ಟಿರುವುದು ಐದು ನಿಮಿಷ. ಐದು ನಿಮಿಷದಲ್ಲಿ ನಮ್ಮ ಟ್ರ್ಯಾಕಿನಲ್ಲಿ ನಾನು ಸರಿಯಾಗಿ ಎರಡು ಸುತ್ತು ಹಾಕುತ್ತೇನೆ. ಅಷ್ಟೇ ಹೊತ್ತಿನಲ್ಲಿ ಭಾವ ಎರಡೂವರೆ ಸುತ್ತು ಮುಗಿಸಿ ಮುಂದೆ ಹೋಗಿರುತ್ತಾರೆ. ಒಂದು ನಿಮಿಷ ಐವತ್ತೆರಡು ಸೆಕೆಂಡು ಎಂಬ ಅವರ ದಾಖಲೆಯನ್ನು ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚೇ ಅಳೆದದ್ದು. ಆ ದಿನ ವಾಚು ಕೆಟ್ಟಿದೆಯೆಂದು ಅದನ್ನು ಎರಡು ಸಲ ಕುಟ್ಟಿ ನೋಡಿದವನೂ ನಾನೇ.

ಅತಿಥಿಗಳ ಮಾಹಿತಿಗಾಗಿ ಒಂದು ಮಾತು. ನಮ್ಮದು ಸ್ಪೋರ್ಟ್ಸ್ ಕಾರು ಪ್ರಿಯರ ಸಂಘ. ಸ್ಪೋರ್ಟ್ಸ್ ಕಾರು ಇರುವವರ ಸಂಘ ಅಲ್ಲ. ನಲವತ್ತೊಂದು ಸದಸ್ಯರಲ್ಲಿ ಒಬ್ಬರ ಬಳಿಯೂ ಅದಿಲ್ಲ. ಹೊರಗೆ ನಿಂತಿರುವುದೆಲ್ಲ ಮಕ್ಕಳನ್ನು ಶಾಲೆಗೆ ಬಿಡುವ ಕಾರುಗಳು, ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಇರುವ ಕಾರುಗಳು. ಸೀಟು ಹೊಲಿಯುವವನು ನಾನು, ಸಂದಿಯಲ್ಲಿ ಏನಿರುತ್ತದೆ ಎಂಬುದು ನನಗೆ ಗೊತ್ತು. ವರ್ಷಕ್ಕೊಂದು ಭಾನುವಾರ ಹಳೆಯ ವಿಮಾನ ನಿಲ್ದಾಣದ ರನ್‌ವೇಯನ್ನು ಬಾಡಿಗೆಗೆ ಹಿಡಿದು, ರಬ್ಬರ್ ಕೋನ್‌ಗಳನ್ನು ಇಟ್ಟು, ಒಂಬತ್ತು ತಿರುವುಗಳ ಹಾದಿ ಮಾಡಿಕೊಂಡು ಅಲ್ಲಿ ಇದೇ ಕಾರುಗಳನ್ನು ಓಡಿಸುತ್ತೇವೆ. ಮಿಕ್ಕ ಭಾನುವಾರಗಳಲ್ಲಿ ಮಾತಾಡುತ್ತೇವೆ.

ಮಾತಿಗೊಂದು ಶಿಸ್ತು ಬೇಡವೇ? ಅದಕ್ಕೆಂದೇ ಎಂಟು ವರ್ಷದ ಹಿಂದೆ ‘ಕನಸಿನ ಗ್ಯಾರೇಜ್’ ಎಂಬ ದಪ್ಪ ಪುಸ್ತಕ ತಂದೆವು. ಒಬ್ಬರಿಗೆ ಒಂದು ಪುಟ, ಒಂದು ಕಾರು. ಒಬ್ಬರು ಬರೆದ ಕಾರನ್ನು ಇನ್ನೊಬ್ಬರು ಬರೆಯುವಂತಿಲ್ಲ. ನಗಬೇಡಿ, ಯಾರ ಬಳಿಯೂ ಇಲ್ಲದ ಕಾರುಗಳಿಗಾಗಿ ಈ ಸಭಾಂಗಣದಲ್ಲಿ ಕುರ್ಚಿ ಎತ್ತಿದವರಿದ್ದಾರೆ. ಹಲ್ಲಿನ ಡಾಕ್ಟರು ಈ ವರ್ಷವೇ ನಾಲ್ಕು ಸಲ ಕಾರು ಬದಲಾಯಿಸಿದ್ದಾರೆ. ಗಣಿತದ ಮೇಷ್ಟ್ರು ತಮ್ಮ ಕನಸಿನ ಕಾರಿನ ಮುಂದೆ ಮೈಲೇಜು ಎಷ್ಟೆಂದು ಬರೆದಿದ್ದಾರೆ. ಕನಸಿನಲ್ಲೂ ಪೆಟ್ರೋಲು ಉಳಿಸುವ ಮನುಷ್ಯ ಅವರೊಬ್ಬರೇ.

ಹದಿನೇಳನೇ ಪುಟ ಮಾತ್ರ ಎಂಟು ವರ್ಷದಿಂದ ಖಾಲಿ. ಮೇಲೆ ಭಾವನ ಹೆಸರಿದೆ, ಕೆಳಗೆ ಏನೂ ಇಲ್ಲ. ನಾವು ಅದನ್ನು ಹಿಡಿದುಕೊಂಡು ಎಷ್ಟು ತಮಾಷೆ ಮಾಡಲಿಲ್ಲ? ಮೂವತ್ತು ವರ್ಷ ಬಸ್ಸು ಓಡಿಸಿದವರಿಗೆ ಕನಸೆಲ್ಲಿಂದ ಬರಬೇಕು, ಬಂದರೂ ಪ್ರತಿ ಸ್ಟಾಪಿನಲ್ಲಿ ನಿಲ್ಲುತ್ತದೆ ಎಂದೆವು. ಆ ಜೋಕು ಯಾರದ್ದು? ನನ್ನದು. ಚೆನ್ನಾಗಿಯೇ ಇತ್ತು, ಚಪ್ಪಾಳೆಯೂ ಬಿತ್ತು.

ನಮ್ಮಿಬ್ಬರಿಗೆ ಎಂಟು ವರ್ಷದಿಂದ ಮಾತಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯ. ಮನೆಯ ವಿಚಾರ ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಊಟಕ್ಕೆ ಕುಳಿತರೆ ನನ್ನ ಹೆಂಡತಿಯೇ ನಡುವೆ ದುಭಾಷಿ. “ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳು ನಿಮ್ಮಣ್ಣಂಗೆ” ಎನ್ನುತ್ತೇನೆ. “ಅವನಿಗೆ ಕೈ ಇಲ್ವಾ ಅಂತ ಕೇಳು” ಎನ್ನುತ್ತಾರೆ ಅವರು. “ನನಗೇನು ನೀವಿಬ್ರೂ ಸಂಬಳ ಕೊಡ್ತೀರಾ?” ಎಂದು ಅವಳು ಎದ್ದು ಹೋಗುತ್ತಾಳೆ. ಉಪ್ಪು ಅಲ್ಲೇ ಇರುತ್ತದೆ.

ಈಗ ಒಂದು ಹಳೆಯ ಮಧ್ಯಾಹ್ನದ ಕಥೆ ಹೇಳಬೇಕು. ಕಾರ್ಯದರ್ಶಿಗಳು ಕೈ ಎತ್ತುತ್ತಿದ್ದಾರೆ, ಎತ್ತಿಕೊಂಡಿರಲಿ.

ಭಾವ ತಮ್ಮ ಬಸ್ಸಿನ ಹರಿದ ಡ್ರೈವರ್ ಸೀಟನ್ನು ನನ್ನ ಅಂಗಡಿಗೆ ತಂದಿದ್ದರು. ನಾನು ಹೊಲಿಯುತ್ತಿದ್ದೆ, ಅವರು ಸ್ಟೂಲಿನ ಮೇಲೆ ಕೂತು ಒಂದು ಕಾರಿನ ಬಗ್ಗೆ ಹೇಳಿದರು. ಕಡು ಹಸಿರು ಬಣ್ಣ, ಎರಡೇ ಬಾಗಿಲು, ಎಂಜಿನ್ ಹಿಂದೆ. ಒಳಗೆ ಜೇನುಬಣ್ಣದ ಚರ್ಮದ ಸೀಟು, ಅಂಚಿಗೆ ಎರಡು ಸಾಲು ಹೊಲಿಗೆ. “ಒಂದು ಸಾಲಲ್ಲ ಮಾರಾಯ, ಎರಡು. ಕೈಯಾಡಿಸಿದ್ರೆ ಗೊತ್ತಾಗ್ಬೇಕು” ಎಂದರು. ಯಾರಿಗೂ ಹೇಳಿರಲಿಲ್ಲವಂತೆ. ನನಗೆ ಮಿಷನ್ ತುಳಿಯುವುದೇ ಮರೆತುಹೋಯಿತು. ಅಷ್ಟು ಚಂದದ ಕಾರು ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ.

ಮರುದಿನ ಸಂಜೆ ಇದೇ ಸಭಾಂಗಣದಲ್ಲಿ ಆ ಪುಸ್ತಕ ತೆರೆದರು. ಭಾವನ ಬಸ್ಸು ಇಪ್ಪತ್ತು ನಿಮಿಷ ತಡವಾಯಿತು. ಸಭಿಕರೇ, ಇಪ್ಪತ್ತು ನಿಮಿಷದಲ್ಲಿ ಮನುಷ್ಯ ಏನು ತಾನೆ ಮಾಡಬಲ್ಲ? ಹದಿನಾರನೇ ಪುಟದಲ್ಲಿ ನನ್ನ ಹೆಸರು ಬರೆದು, ಅದರ ಕೆಳಗೆ ಅವರ ಕಾರನ್ನು ಬರೆಯಬಲ್ಲ. ಹಸಿರು ಬರೆದೆ, ಬಾಗಿಲು ಬರೆದೆ, ಆ ಎರಡು ಸಾಲು ಹೊಲಿಗೆಯನ್ನೂ ಬಿಡಲಿಲ್ಲ.

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಚೀಟಿಯಲ್ಲಿರುವುದು ಅವರ ಗುಣಗಾನ ಮಾತ್ರ. ಬಾಯಿಗೆ ಬಂದುಬಿಟ್ಟಿತು, ಇನ್ನು ನುಂಗುವುದಿಲ್ಲ.

ಭಾವ ಬಂದರು, ಯೂನಿಫಾರ್ಮಿನಲ್ಲೇ. ಪುಟ ತಿರುವಿದರು, ನನ್ನದನ್ನು ಓದಿದರು. ಅವರು ತಮ್ಮ ಹೆಸರೊಂದನ್ನು ಬರೆದು, ಪೆನ್ನಿನ ಮುಚ್ಚಳ ಹಾಕಿ, “ಆಮೇಲೆ ಬರೀತೀನಿ” ಎಂದರು. ಒಬ್ಬರ ಮುಂದೆಯೂ ನನ್ನ ಮಾನ ಕಳೆಯಲಿಲ್ಲ. ಈ ಸಭೆ ನನ್ನ ಜೋಕಿಗೆ ನಕ್ಕಾಗಲೂ ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಆಗಿದ್ದು ಸಿಟ್ಟು. ತಪ್ಪು ಮಾಡಿದವನು ನಾನು, ಮುಖ ಊದಿಸಿಕೊಂಡವನೂ ಮೊದಲು ನಾನೇ.

ಕಳೆದ ವರ್ಷ ಅವರು ಒಂದೇ ಸುತ್ತಿನಲ್ಲಿ ಐದು ಕೋನ್ ಬೀಳಿಸಿದರು, ನೆನಪಿದೆಯೇ? ಆಗಲೂ ನಕ್ಕೆವು. ನೋಟದ ನಡುವೆ ಮಂಜು ಕಟ್ಟುತ್ತಿದೆ, ಇನ್ನು ಸ್ಟೀರಿಂಗ್ ಮುಟ್ಟಬಾರದು ಎಂದು ಕಣ್ಣಿನ ಡಾಕ್ಟರು ಅವರಿಗೆ ಹೇಳಿದ್ದು ಮೂರು ತಿಂಗಳ ಹಿಂದೆ. ಈ ಸನ್ಮಾನ ಅದಕ್ಕಾಗಿಯೇ, ಬೀಳ್ಕೊಡುಗೆ ಎಂದು ಬ್ಯಾನರಿನಲ್ಲೂ ಬರೆದಿದೆ. ನಾಳೆ ಈ ವರ್ಷದ ಓಟ, ರನ್‌ವೇಗೆ ಅವರು ಬರುವುದಿಲ್ಲವಂತೆ. “ಓಡಿಸೋಕಾಗದ ಮೇಲೆ ಅಲ್ಲೇನು ಕೆಲಸ, ಬಿದ್ದ ಕೋನ್ ಎತ್ತಿಡ್ಲಾ ಅಂತಾನೆ” ಎಂದು ನನ್ನ ಹೆಂಡತಿ ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಲ್ಲೇನು ಕೆಲಸ? ನಾನು ಹೇಳುತ್ತೇನೆ. ನಮಗೆ ಮಾತಿದ್ದ ಕಾಲದಲ್ಲಿ ಅವರ ಪಕ್ಕ ಕುಳಿತು ಒಂದು ಸುತ್ತು ಹೋಗಿದ್ದೆ. ಅವರು ದಾರಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಎಣಿಸುತ್ತಾರೆ. “ಒಂದು, ಎರಡು, ಮೂರು, ಈಗ ಬ್ರೇಕು. ಬಿಡು. ಈಗ ತಿರುಗಿಸು.” ಒಂಬತ್ತು ತಿರುವೂ ಅವರ ನಾಲಿಗೆಯ ಮೇಲಿವೆ. ನನಗೆ ಎರಡು ಕಣ್ಣೂ ಚೆನ್ನಾಗಿವೆ, ಆದರೂ ಎರಡೂವರೆ ನಿಮಿಷದಿಂದ ಕೆಳಗೆ ಇಳಿದಿಲ್ಲ.

ಅಧ್ಯಕ್ಷರೇ, ಆ ಪುಸ್ತಕ ಈ ಕಡೆ ಕೊಡಿ. ಇಗೋ, ಹದಿನಾರನೇ ಪುಟದ ಕಾರನ್ನು ಹೊಡೆದುಹಾಕಿದೆ, ಎಲ್ಲರೂ ನೋಡಿ. ಹದಿನೇಳರಲ್ಲಿ ಬರೆಯುವುದು ಭಾವನಿಗೆ ಬಿಟ್ಟದ್ದು. ನನ್ನ ಪುಟ ಖಾಲಿ ಇರಲಿ, ಎಂಟು ವರ್ಷ ನನ್ನ ಮೇಲೂ ಜೋಕು ಮಾಡಿ.

ಭಾವ, ಹಸಿರು ಕಾರು ತರುವ ಶಕ್ತಿ ನನಗಿಲ್ಲ. ನನ್ನ ಹಳೆಯ ಬಿಳಿ ಕಾರು ಹೊರಗೆ ನಿಂತಿದೆ. ಅದರ ಪಕ್ಕದ ಸೀಟನ್ನು ಈ ವಾರ ಬಿಚ್ಚಿ ಹೊಸದಾಗಿ ಹೊಲಿದಿದ್ದೇನೆ. ಜೇನುಬಣ್ಣದ ಚರ್ಮ. ಬಣ್ಣ ನಿಮಗೆ ಸರಿಯಾಗಿ ಕಾಣದಿದ್ದರೆ ಅಂಚಿಗೆ ಕೈಯಾಡಿಸಿ, ಎರಡು ಸಾಲಿದೆ. ನೀವು ಎಣಿಸಿ, ನಾನು ತಿರುಗಿಸುತ್ತೇನೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಎತ್ತಿದ ಕೈಯನ್ನು ಈಗ ಇಳಿಸಿರುವ ಕಾರ್ಯದರ್ಶಿಗಳಿಗೂ ನನ್ನ ವಂದನೆಗಳು. ಭಾವ, ಬೆಳಗ್ಗೆ ಏಳಕ್ಕೆ ಬಾಗಿಲ ಮುಂದೆ ಹಾರ್ನ್ ಮಾಡುತ್ತೇನೆ. ಬರುತ್ತೀರೋ ಇಲ್ಲವೋ, ಉತ್ತರವನ್ನು ಮಾತ್ರ ದಯವಿಟ್ಟು ನಿಮ್ಮ ತಂಗಿಯ ಕೈಲಿ ಹೇಳಿ ಕಳಿಸಬೇಡಿ. ನಮಸ್ಕಾರ.